ಸೊಂಟ ನೋವಲ್ಲ, ಹರಕೆಯೂ ಅಲ್ಲ

ಕೋಡಿಪಾಳ್ಯ, ಮಾಕಳಿದುರ್ಗದ ಹತ್ತಿರ
26 ನವೆಂಬರ್ 2023

ಸಿಂಚನಳ ಅಪ್ಪನಿಗೆ ಪ್ರಮೋದಾ ಮಾಡುವ ನಮಸ್ಕಾರ.

ಫೋನು ಕೈಯಲ್ಲೇ ಇರುವಾಗ ಇವಳೇಕೆ ಕಾಗದ ಬರೆದಳು ಅಂತ ಗಾಬರಿ ಬೀಳಬೇಡಿ. ಯಾರಿಗೂ ಏನೂ ಆಗಿಲ್ಲ. ಇಲ್ಲಿ ನಾನು ಹಲೋ ಅಂದರೆ ಸಾಕು, ಅತ್ತೆ ಪಕ್ಕಕ್ಕೆ ಬಂದು ಕೂತು ಸ್ಪೀಕರಿಗೆ ಹಾಕು ಅನ್ನುತ್ತಾರೆ. ಅಲ್ಲಿ ಸೂರತ್ತಿನ ರೂಮಿನಲ್ಲಿ ನಿಮ್ಮ ಸುತ್ತ ಮಗ್ಗದ ಹುಡುಗರು. ಮದುವೆಯಾದ ಹೊಸದರಲ್ಲಿ ನೀವು ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮಾಡಿಕೊಂಡು ಸೂಲಿಬೆಲೆಗೆ, ನನ್ನ ತವರಿಗೆ, ಕಾಗದ ಹಾಕುತ್ತಿದ್ದಿರಿ. ಆ ನೆನಪಿನ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಸಿಂಚನ ಬಾಣಂತನ ಮುಗಿಸಿಕೊಂಡು ಹೊಸಕೋಟೆಗೆ, ಗಂಡನ ಮನೆಗೆ, ಹೋದಳು. ಹೋದ ಸಲ ಹೊಟ್ಟೆಯಲ್ಲಿ ನಿಲ್ಲದೆ ಹೋದಾಗ ನಾವೆಲ್ಲ ಹೇಗಿದ್ದೆವು, ಈಗ ಕೂಸು ನೋಡಿ, ತೊಡೆಯೆಲ್ಲ ಮಡಿಕೆ ಬಿದ್ದು ಗುಂಡಗಿದೆ. ಅದು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿಗೆ ನೀವು ಬಂದಾಗ ನಿಮ್ಮ ಹಾಸಿಗೆ ನಮ್ಮ ರೂಮಿನಲ್ಲೇ ಇರುತ್ತದೆ. ನನ್ನದು ರೇಷ್ಮೆ ಹುಳದ ಮನೆ ಪಕ್ಕದ ಕೋಣೆಯಲ್ಲಿ. ಒಂದೆರಡು ದಿನಕ್ಕಲ್ಲ, ಇನ್ನು ಮುಂದೆ ಹೀಗೇ. ಗಂಡ ಹೆಂಡತಿಯಾಗಿ ಕೂಡುವುದು ನನಗೆ ಸಾಕು ಅನ್ನಿಸಿದೆ, ನಿಲ್ಲಿಸಿಬಿಡಬೇಕು ಅಂತ ತೀರ್ಮಾನ ಮಾಡಿದ್ದೇನೆ. ನಿಮ್ಮಿಂದ ತಪ್ಪಾಗಿಲ್ಲ. ನನಗೆ ಕಾಯಿಲೆಯೂ ಇಲ್ಲ. ನೀವು ಬಂದ ದಿನ ಬಾಗಿಲಲ್ಲಿ ನಿಂತು ಹೇಳುವುದಕ್ಕಿಂತ ಮೊದಲೇ ತಿಳಿಸುವುದು ಮರ್ಯಾದೆ ಅಂತ ಬರೆದೆ.

ಕಪ್ಪು ಹಸು ಗಬ್ಬ ನಿಂತಿದೆ. ಡಾಕ್ಟರು ನೋಡಿ ಹೋದರು.

ಪ್ರಮೋದಾ


ಸೂರತ್
9 ಡಿಸೆಂಬರ್ 2023

ಪ್ರಮೋದಾ,

ನಿನ್ನ ಕಾಗದ ಮಿಲ್ಲಿನ ಗೇಟಿಗೆ ಬಂತು. ಈ ಕಾಲದಲ್ಲಿ ಕೆಂಪರಾಜನಿಗೆ ಕಾಗದ ಬಂದಿದೆ ಅಂದರೆ ಕೋರ್ಟಿನ ನೋಟೀಸೇ ಇರಬೇಕು ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಒಡೆದು ಓದಿದ ಮೇಲೆ ನೋಟೀಸೇ ವಾಸಿಯಿತ್ತು ಅನ್ನಿಸಿತು.

ತಪ್ಪಾಗಿಲ್ಲ ಅಂತೀಯ, ಕಾಯಿಲೆ ಇಲ್ಲ ಅಂತೀಯ, ಹಾಸಿಗೆ ಮಾತ್ರ ಬೇರೆ ಹಾಕ್ತೀನಿ ಅಂತೀಯ. ನಾನೇನು ಬೆರಳು ಚೀಪುವ ಮಗುವೇ? ದಸರಾದಲ್ಲಿ ನನ್ನ ತಮ್ಮ ನಂದೀಶ ಇಲ್ಲಿಗೆ ಬಂದುಹೋದ. ಊರಿಗೆ ಬಂದು ಅತ್ತಿಗೆಯ ಕಿವಿಯಲ್ಲಿ ಏನು ಊದಿದ್ದಾನೆ ಅಂತ ನನಗೆ ಗೊತ್ತು. ಸವಿತಾಬೆನ್ ನಮ್ಮ ರೂಮಿಗೆ ಡಬ್ಬಿ ಊಟ ಕೊಡುವ ಹೆಂಗಸು. ಗಂಡ ಸತ್ತಿದ್ದಾನೆ, ನಗುನಗುತ್ತಾ ಮಾತಾಡುತ್ತಾಳೆ. ಅವಳ ರೊಟ್ಟಿಗೆ ತುಪ್ಪ ಜಾಸ್ತಿ ಅಂತ ನಾನು ಅಂದಿರಬಹುದು. ಅಷ್ಟಕ್ಕೆ ನಂದೀಶ ಕಥೆ ಕಟ್ಟಿದರೆ ನೀನು ನಂಬಿಬಿಡುವುದೇ? ನಮ್ಮೂರ ತಾಯಿ ಸಪ್ಪಲಮ್ಮನ ಮೇಲೆ ಆಣೆ, ನನ್ನ ಕಡೆಯಿಂದ ಏನೂ ಇಲ್ಲ.

ಹಾಸಿಗೆ ಎಲ್ಲಿತ್ತೋ ಅಲ್ಲೇ ಹಾಕು.

ಕೆಂಪರಾಜ್


ಕೋಡಿಪಾಳ್ಯ
20 ಡಿಸೆಂಬರ್ 2023

ನಮಸ್ಕಾರ ರೀ.

ನಂದೀಶ ನನ್ನ ಹತ್ತಿರ ಏನೂ ಹೇಳಿರಲಿಲ್ಲ. ಸೂರತ್ತಿನಿಂದ ಬಂದವನು ಅಲ್ಲಿಯ ಸೀರೆ ಅಂಗಡಿಗಳ ಬಗ್ಗೆ ಹೇಳಿದ, ಟ್ರೈನಿನಲ್ಲಿ ಚಪ್ಪಲಿ ಕಳ್ಳತನವಾದದ್ದು ಹೇಳಿದ. ಸವಿತಾಬೆನ್ ಅನ್ನುವ ಹೆಸರು ನಾನು ಮೊದಲು ಕೇಳಿದ್ದು ನಿಮ್ಮ ಕಾಗದದಲ್ಲೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಕಳ್ಳ ಅಂತಲೂ ಅಂದಿರಲಿಲ್ಲ. ತುಪ್ಪದ ರೊಟ್ಟಿ ತಿನ್ನಿ, ಆದರೆ ಶುಗರ್ ಮಾತ್ರೆ ಬಿಡಬೇಡಿ.

ಓದಿ ನಕ್ಕೆ, ಆಮೇಲೆ ಸ್ವಲ್ಪ ಹೊಟ್ಟೆಯೂ ಉರಿಯಿತು. ಎರಡೂ ನಿಜ. ಆದರೆ ನನ್ನ ತೀರ್ಮಾನಕ್ಕೆ ಅವಳು ಕಾರಣವಲ್ಲ.

ಅತ್ತೆಯ ವಿಷಯ ಹೇಳುತ್ತೇನೆ. ನಾನು ಹಾಸಿಗೆ ಹೊರಗೆ ಒಯ್ಯುವುದನ್ನು ನೋಡಿ ಹಿಂದೆಯೇ ಬಂದರು. ಬೈಯುತ್ತಾರೆ ಅಂದುಕೊಂಡೆ. ಬಾಗಿಲು ಮುಂದಕ್ಕೆ ಮಾಡಿ ಮೆಲ್ಲಗೆ ಹೇಳಿದರು: "ಸೊಂಟ ನೋವು ಅನ್ನು ಕಣಮ್ಮಿ. ನಾನೂ ಹಂಗೇ ಅಂದಿದ್ದು. ನಿಮ್ಮಾವ ಸಾಯೋಗಂಟ ನಂಗೆ ಸೊಂಟ ನೋವೇ." ಅತ್ತೆ ಮುನಿತಾಯಮ್ಮನ ಸೊಂಟ ನೋವು ಅಂದರೆ ಊರಿಗೆಲ್ಲ ಗೊತ್ತು. ಮಾವ ಪಾಪ ಘಾಟಿಯಿಂದ ಎಣ್ಣೆ ತರಿಸುತ್ತಿದ್ದರು, ನೀವೇ ತಿಕ್ಕಿದ್ದೀರಿ. ಅತ್ತೆ ಆ ಎಣ್ಣೆಯನ್ನು ಅಷ್ಟು ವರ್ಷ ಸುಮ್ಮನೆ ತಿಕ್ಕಿಸಿಕೊಂಡರು.

ಅವತ್ತೇ ನಿಶ್ಚಯ ಮಾಡಿದೆ. ನಿಮಗೆ ಆ ಸುಳ್ಳು ಹೇಳಬಾರದು. ನೀವು ನನ್ನನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ.

ಸಂಕ್ರಾಂತಿಗೆ ಬನ್ನಿ, ಕೂತು ಮಾತಾಡೋಣ. ಅವರೆಕಾಯಿ ಸೊಗಡು ಬಂದಿದೆ.

ಪ್ರಮೋದಾ


ಸೂರತ್
8 ಜನವರಿ 2024

ಪ್ರಮೋದಾ,

ಈ ಸಲ ಸಂಕ್ರಾಂತಿಗೆ ಬರಲಾಗುವುದಿಲ್ಲ. ಮದುವೆ ಸೀರೆಯ ಆರ್ಡರು ತುಂಬ ಇದೆ, ಮಿಲ್ಲು ಹಬ್ಬದಲ್ಲೂ ನಡೆಯುತ್ತದೆ, ರಜ ಇಲ್ಲ. ನೀನು ಒಮ್ಮೆ ದೊಡ್ಡಬಳ್ಳಾಪುರಕ್ಕೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿಕೋ. ಈ ವಯಸ್ಸಿನಲ್ಲಿ ಹೆಂಗಸರಿಗೆ ಏನೇನೋ ಆಗುತ್ತದಂತೆ, ಮಾತ್ರೆ ಇದೆಯಂತೆ.

ಕೆಂಪರಾಜ್


ಕೋಡಿಪಾಳ್ಯ
28 ಜನವರಿ 2024

ನಮಸ್ಕಾರ.

ನಿಮ್ಮ ರೂಮಿನ ಹುಡುಗ ಅನಿಲ್‌ಕುಮಾರ್ ಸಂಕ್ರಾಂತಿ ದಿನ ಸ್ಟೇಟಸ್ ಹಾಕಿದ್ದ. ನಂದೀಶನ ಹೆಂಡತಿ ಕೀರ್ತನ ತೋರಿಸಿದಳು. ತಾರಸಿಯ ಮೇಲೆ ಎಲ್ಲರೂ ಗಾಳಿಪಟ ಬಿಡುತ್ತಿದ್ದೀರಿ. ನೀವು ದಾರದ ಉಂಡೆ ಹಿಡಿದು ಆಕಾಶ ನೋಡುತ್ತಾ ನಿಂತಿದ್ದೀರಿ. ಮಿಲ್ಲಿಗೆ ರಜ ಅಂತ ಕೆಳಗೆ ಬರೆದಿದ್ದ. "ಭಾವ ಬರಬೋದಾಗಿತ್ತಲ್ಲಕ್ಕಾ" ಅಂದಳು ಕೀರ್ತನ. ನಾನು ಎಳ್ಳು ಬೀರಲು ಹೊತ್ತಾಯಿತು ಅಂತ ಎದ್ದು ಹೋದೆ.

ನಾನು ಹೆದರಿದ್ದು ಇದಕ್ಕೇ. ಅದೊಂದು ಇಲ್ಲ ಅಂದರೆ ನೀವು ಮನೆಗೆ ಬರುವುದನ್ನೇ ಬಿಡುತ್ತೀರೇನೋ ಅಂತ. ಕಾಗದ ಪೋಸ್ಟಿಗೆ ಹಾಕುವ ಮುಂಚೆ ಎಷ್ಟು ದಿನ ಅಕ್ಕಿ ಡಬ್ಬದಲ್ಲಿ ಇಟ್ಟುಕೊಂಡಿದ್ದೆ. ಈಗ ಹಾಗೇ ಆಯಿತು. ಅದಕ್ಕೇ ಅರ್ಧಂಬರ್ಧ ಬರೆದದ್ದು ಸಾಕು, ಪೂರ್ತಿ ಬರೆಯುತ್ತೇನೆ.

ಹುಳಕ್ಕೆ ನಾಲ್ಕನೇ ಜ್ವರ ಬಂದು ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗುತ್ತದಲ್ಲ, ಅಲ್ಲಿಂದ ಗೂಡು ಕಟ್ಟುವವರೆಗೂ ಅತ್ತೆ ನಮ್ಮನ್ನು ಬೇರೆ ಮಲಗಿಸುತ್ತಿದ್ದರು. ಮಡಿ ಕೆಟ್ಟರೆ ಗೂಡು ಕೆಡುತ್ತದೆ ಅನ್ನುವುದು ಅವರ ಲೆಕ್ಕ. ಹೊಸದರಲ್ಲಿ ನಮಗಿಬ್ಬರಿಗೂ ಆ ಹುಳದ ಮೇಲೆ ಎಂಥ ಸಿಟ್ಟು. ನೀವು ನೀರು ಕುಡಿಯುವ ನೆಪದಲ್ಲಿ ಎದ್ದು ಬರುತ್ತಿದ್ದಿರಿ, ಅತ್ತೆ ನಡುಮನೆಯಿಂದ ಕೆಮ್ಮುತ್ತಿದ್ದರು. ಈಚೆಗೆ ಕೆಲವು ವರ್ಷದಿಂದ, ನೀವು ಊರಿಗೆ ಬಂದಾಗ, ನಾನು ಆ ದಿನಗಳಿಗೆ ಕಾಯತೊಡಗಿದೆ. ಸೊಪ್ಪು ಹಾಕಿ, ಕೈ ತೊಳೆದು, ಒಬ್ಬಳೇ ಕಾಲು ಚಾಚಿ ಮಲಗಿದರೆ ಸೂಲಿಬೆಲೆಯಲ್ಲಿ ಹುಡುಗಿಯಾಗಿದ್ದಾಗಿನ ನಿದ್ದೆ. ಬೆಳಿಗ್ಗೆ ಎದ್ದರೆ ಮೈ ನನ್ನದು ಅನ್ನಿಸುತ್ತದೆ. ಹೀಗೇ ಇರಬೇಕು ಅನ್ನಿಸುತ್ತದೆ. ದೇವರಿಗಲ್ಲ, ಸನ್ಯಾಸವೂ ಅಲ್ಲ. ನಾನು ಈಗಲೂ ಹೂ ಮುಡಿಯುತ್ತೇನೆ, ಕೋಳಿ ಸಾರು ಮಾಡಿದರೆ ಎರಡು ಮುದ್ದೆ ಉಣ್ಣುತ್ತೇನೆ. ಇದೊಂದು ಬೇಡ.

ಗೌರಿಹಬ್ಬಕ್ಕೆ ನೀವು ಬಂದಾಗ ನಾವು ಕೂಡಿದ್ದೆವು. ನೀವು ಎಂದಿನ ಹಾಗೆ ಪ್ರೀತಿಯಿಂದಲೇ ಇದ್ದಿರಿ. ನಾನು ಮನಸ್ಸಿನಲ್ಲಿ ಬೆಳಿಗ್ಗೆಗೆ ಎಷ್ಟು ಹೊರೆ ಸೊಪ್ಪು ಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ನಿಮಗೆ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ನಾನು ನೋಡಿಕೊಂಡೆ. ಆಮೇಲೆ ಅದೇ ನನ್ನನ್ನು ಕೊರೆಯಿತು. ನಿಮ್ಮಂಥವರ ಹತ್ತಿರ ನಟನೆ ಮಾಡಬಾರದು.

ನಿಮ್ಮಂಥವರು ಅಂತ ಯಾಕೆ ಅಂದೆ ಗೊತ್ತೇ? ಮದುವೆಯ ರಾತ್ರಿ ನಾನು ಗೋಡೆಗೆ ಒತ್ತಿಕೊಂಡು ಅಳುತ್ತಾ ಕೂತಿದ್ದೆ. ನೀವು ದೀಪ ಆರಿಸಲಿಲ್ಲ. ತಟ್ಟೆಯಲ್ಲಿದ್ದ ಕಡಲೆಕಾಯಿ ಬಿಡಿಸಿ ಬಿಡಿಸಿ ನನ್ನ ಕಡೆ ತಳ್ಳುತ್ತಾ ನಿಮ್ಮೂರ ನಾಯಿಗಳ ಕಥೆ ಹೇಳಿದಿರಿ. ನಾನಾಗಿ ನಿಮ್ಮ ಕೈ ಹಿಡಿಯುವವರೆಗೂ ಕಾದಿರಿ. ಡೇರಿ ಹತ್ತಿರ ಹೆಂಗಸರು ತಮ್ಮ ತಮ್ಮ ಕಥೆ ಹೇಳಿಕೊಳ್ಳುವಾಗ ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ, ಅಷ್ಟು ಅಪರೂಪ ಅದು. ನಿಮ್ಮ ಜೊತೆ ನನಗೆ ಸುಖ ಸಿಕ್ಕಿದೆ, ಅದನ್ನು ಹೇಳಲು ನಾಚಿಕೆಯೂ ಇಲ್ಲ. ಹೊಟ್ಟೆ ತುಂಬಿ ಎಲೆ ಮಡಿಸಿದವಳು ಅಡುಗೆ ಚೆನ್ನಾಗಿಲ್ಲ ಅನ್ನುತ್ತಾಳೆಯೇ?

ನಿಮ್ಮ ಹೊಟ್ಟೆ ತುಂಬಿಲ್ಲ ಅನ್ನುವುದು ನನಗೆ ಗೊತ್ತು. ಕಷ್ಟ ಇರುವುದೇ ಅಲ್ಲಿ. ಸಿಟ್ಟು ಬಂದರೆ ಬೈದು ಬರೆಯಿರಿ. ಮನೆಗೆ ಬರುವುದು ಮಾತ್ರ ಬಿಡಬೇಡಿ.

ಪ್ರಮೋದಾ


ಸೂರತ್
16 ಫೆಬ್ರವರಿ 2024

ಪ್ರಮೋದಾ,

ಗಾಳಿಪಟದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಒಂದು ಮಾತು: ನನಗೆ ಎಲ್ಲ ಗೊತ್ತಾಯಿತು. ನೀನು ಬಾಯಿ ಬಿಡುವುದು ಬೇಡ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಹೂ ಮುಡೀತಾಳೆ, ಊಟ ಮಾಡ್ತಾಳೆ, ಕಾಯಿಲೆ ಇಲ್ಲ, ಸಿಟ್ಟಿಲ್ಲ, ಹಾಸಿಗೆ ಮಾತ್ರ ಬೇರೆ. ಹಾಗಾದರೆ ಇದು ಹರಕೆಯಲ್ಲದೆ ಇನ್ನೇನು? ಸಿಂಚನಳಿಗೆ ಹೋದ ಸಲ ಮಗು ಹೋದಾಗ ನೀನು ಸಪ್ಪಲಮ್ಮನ ಗುಡಿ ಮುಂದೆ ಕೂತು ಅತ್ತದ್ದನ್ನು ನಾನು ಬೇಲಿ ಆಚೆಯಿಂದ ನೋಡಿದ್ದೆ. ಮಗಳಿಗೊಂದು ಕೂಸಾಗಲಿ, ನಾನು ಗಂಡನ ಸಂಗ ಬಿಡ್ತೀನಿ ಅಂತ ಕಟ್ಟಿಕೊಂಡಿದ್ದೀಯ. ದೇವರಿಗಲ್ಲ ಅಂತ ಬರೆದಿದ್ದೀಯಲ್ಲ, ಅದೇ ಗುರುತು. ಹರಕೆ ಹೊತ್ತವರು ಹೊತ್ತಿದ್ದೀನಿ ಅಂತ ಹೇಳಬಾರದು, ಹೇಳಿದರೆ ಫಲ ಹೋಗುತ್ತದೆ. ಇಲ್ಲಿ ಹಿರಿಯರು ಚಿನ್ನಸ್ವಾಮಿ ಅಂತ ಇದ್ದಾರೆ, ಹೆಸರು ಹೇಳದೆ ಕೇಳಿದೆ, ಅವರೂ ಅದನ್ನೇ ಅಂದರು.

ಹರಕೆ ತೀರಿಸಲು ನಿನಗೆ ಒಬ್ಬಳಿಗೇ ಓಡಾಟ ಆಗಿಲ್ಲ ಅಷ್ಟೇ. ಚಿಂತೆ ಬಿಡು. ನಂದೀಶನಿಗೂ ಪೂಜಾರಿ ಆಂಜಿನಪ್ಪನಿಗೂ ಫೋನ್ ಮಾಡಿ 27ನೇ ತಾರೀಕು ಮಂಗಳವಾರಕ್ಕೆ ತಂಬಿಟ್ಟಿನ ದೀಪ ಗೊತ್ತು ಮಾಡಿದ್ದೇನೆ. ನಿನಗೆ ಹೇಳಬೇಡಿ ಅಂದಿದ್ದೇನೆ. ಈ ಕಾಗದ ಅಷ್ಟರೊಳಗೆ ಸಿಕ್ಕರೆ ಗೊತ್ತಿಲ್ಲದ ಹಾಗೆ ಇರು. ದೀಪ ಹೊತ್ತು ಬಾ, ತಾಯಿ ಬಿಡುಗಡೆ ಕೊಡುತ್ತಾಳೆ. ಯುಗಾದಿಗೆ ಬರುತ್ತೇನೆ.

ನಿನ್ನ ಕೆಂಪರಾಜ್


ಕೋಡಿಪಾಳ್ಯ
3 ಮಾರ್ಚ್ 2024

ನಮಸ್ಕಾರ.

ನಿಮ್ಮ ಕಾಗದ ಬಂದದ್ದು ಬುಧವಾರ. ಮಂಗಳವಾರ ನಾನು ಡೇರಿಗೆ ಹಾಲು ಹಾಕಿ ಬಂದರೆ ನಮ್ಮ ಅಂಗಳದಲ್ಲಿ ಊರ ಹೆಂಗಸರೆಲ್ಲ ಸೇರಿದ್ದಾರೆ. ಕೀರ್ತನ ಅಕ್ಕಿಹಿಟ್ಟಿಗೆ ಬೆಲ್ಲ ಕಲಸುತ್ತಿದ್ದಾಳೆ. ನಂದೀಶ ಮಾವಿನ ಸೊಪ್ಪು ಕಟ್ಟುತ್ತಿದ್ದಾನೆ. ತಮಟೆಯವರು ಬೆಂಕಿಗೆ ತಮಟೆ ಕಾಯಿಸುತ್ತಿದ್ದಾರೆ. ಯಾರದ್ದು ಅಂತ ಕೇಳಿದೆ. ನಿನ್ನದೇ, ನಿನ್ನ ಗಂಡನೇ ಫೋನ್ ಮಾಡಿ ಗೊತ್ತು ಮಾಡಿದ್ದು ಅಂದರು.

ನಿಮ್ಮ ಮೇಲೆ ಬಂದ ಸಿಟ್ಟಿಗೆ ಕ್ಯಾನು ಎತ್ತಿ ನೆಲಕ್ಕೆ ಹಾಕಿದೆ. ಯಾವ ಹರಕೆ ಅಂತ ಎಲ್ಲರೂ ಕೇಳುವವರೇ. ಆಂಜಿನಪ್ಪ ದೊಡ್ಡ ಮನುಷ್ಯನ ಹಾಗೆ ಕೈ ಎತ್ತಿ, "ಕೇಳಬಾರದು ಕಣ್ರಮ್ಮಾ, ಗಂಡ ಹೆಂಡ್ರ ನಡುವಿನ ಹರಕೆ" ಅಂದ. ನೀವು ಆ ಪುಣ್ಯಾತ್ಮನಿಗೆ ಎಷ್ಟು ಬಿಡಿಸಿ ಹೇಳಿದ್ದಿರೋ, ಆ ದೇವಿಗೇ ಗೊತ್ತು. ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡರು. ಅತ್ತೆ ಗೋಡೆ ಕಡೆ ತಿರುಗಿ ಕೂತು ಭುಜ ಕುಣಿಸುತ್ತಿದ್ದರು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. ಆಗ ನನಗೂ ನಗು ತಡೆಯಲಾಗಲಿಲ್ಲ.

ಹೊರುವುದಿಲ್ಲ ಅಂತ ಹೇಳಬಹುದಿತ್ತು. ಆದರೆ ನೀವು ಅಷ್ಟು ದೂರದಲ್ಲಿ ಕೂತು, ನನ್ನ ಹೆಗಲ ಮೇಲೆ ಏನೋ ಭಾರ ಇದೆ, ಅದನ್ನು ಇಳಿಸಬೇಕು ಅಂತ ಇಷ್ಟೆಲ್ಲ ಮಾಡಿದ್ದೀರಿ. ತಲೆಗೆ ನೀರು ಹಾಕಿಕೊಂಡು ಬಂದು ದೀಪ ಹೊತ್ತೆ. ದಾರಿಯಲ್ಲಿ ಯೋಚನೆ. ಗುಡಿಯಲ್ಲಿ ಇಳಿಸುವಾಗ ಏನು ಅಂತ ಹೇಳಲಿ? ತಾಯಿಯ ಮುಂದೆ ಕಟ್ಟದ ಹರಕೆ ತೀರಿಸಿದೆ ಅನ್ನುವುದು ಸರಿಯಲ್ಲ. ಅದಕ್ಕೆ ಹೀಗೆ ಅಂದೆ: ತಾಯಿ, ಬೇಡಲು ಬಂದಿಲ್ಲ, ಬಿಡಿಸಿಕೊಳ್ಳಲೂ ಬಂದಿಲ್ಲ. ಒಳ್ಳೆಯ ಗಂಡ ಕೊಟ್ಟೆ. ಅವನ ಜೊತೆ ಮೈಗೂ ಮನಸ್ಸಿಗೂ ತೃಪ್ತಿ ಕೊಟ್ಟೆ. ಈಗ ಅದು ಮುಗಿಯಿತು ಅಂತ ನನಗೆ ನಾನೇ ತಿಳಿಯುವ ಬುದ್ಧಿಯನ್ನೂ ಕೊಟ್ಟೆ. ಈ ದೀಪ ಅಷ್ಟಕ್ಕೂ ಸೇರಿಸಿ.

ಹೇಳುವಾಗ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಬಂದದ್ದು.

ಆದ್ದರಿಂದ ಸ್ಪಷ್ಟವಾಗಿ ತಿಳಿದುಕೊಳ್ಳಿ. ಸೊಂಟ ನೋವಲ್ಲ, ಹರಕೆಯೂ ಅಲ್ಲ, ಸವಿತಾಬೆನ್ನೂ ಅಲ್ಲ. ಇನ್ನು ಯಾರಿಗೂ ಫೋನ್ ಮಾಡಬೇಡಿ. ಯುಗಾದಿಗೆ ಬರುತ್ತೇನೆ ಅಂತ ಬರೆದಿದ್ದೀರಿ. ಹಾಸಿಗೆ ಬೇರೆಯೇ ಇರುತ್ತದೆ ಅಂತ ಗೊತ್ತಿದ್ದೂ ಬರುವುದಾದರೆ ಬನ್ನಿ.

ತಂಬಿಟ್ಟು ನಿಮಗೆ ಅಂತ ಎತ್ತಿಟ್ಟಿದ್ದೆ, ಇರುವೆ ಬಂತು.

ಪ್ರಮೋದಾ


ಸೂರತ್
19 ಮಾರ್ಚ್ 2024

ಪ್ರಮೋದಾ,

ಆಂಜಿನಪ್ಪನಿಗೆ ನಾನು ಅಷ್ಟೇನೂ ಹೇಳಿರಲಿಲ್ಲ. ಅವನೇ ಕೆದಕಿ ಕೆದಕಿ ಕೇಳಿದ. ಊರಿಗೆ ಬಂದಾಗ ಮುಖ ಎಲ್ಲಿ ಇಟ್ಟುಕೊಳ್ಳಲಿ ಅಂತ ಈಗ ಯೋಚನೆ.

ನೀನು ಇಷ್ಟು ನೇರವಾಗಿ ಬರೆದ ಮೇಲೆ ನಾನು ಸುತ್ತು ಬಳಸಿ ಬರೆದರೆ ಚೆನ್ನಾಗಿರುವುದಿಲ್ಲ. ನನಗೆ ಸಾಕಾಗಿಲ್ಲ. ಇನ್ನೂ ಆಸೆ ಇದೆ, ನಿನ್ನ ಮೇಲೇ ಇದೆ. ನಿನ್ನ ಮೊದಲ ಕಾಗದ ಓದಿದಾಗ ಅವಮಾನ ಆಯಿತು. ಸೊಪ್ಪಿನ ಲೆಕ್ಕದ ಮಾತು ಓದಿದಾಗ ಅದಕ್ಕಿಂತ ಜಾಸ್ತಿ ಆಯಿತು. ಎಷ್ಟು ಸಲ ಹೀಗೆ ಲೆಕ್ಕ ಹಾಕಿದ್ದಾಳೋ, ನಾನು ಪೆದ್ದನ ಹಾಗೆ ಖುಷಿಯಾಗಿದ್ದೆನಲ್ಲ ಅಂತ. ಆಮೇಲೆ ಕಡಲೆಕಾಯಿಯ ಮಾತು ಓದಿದೆ. ಅದು ನಿನಗೆ ಇನ್ನೂ ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ. ಅವತ್ತು ನನಗೂ ಹೆದರಿಕೆಯಿತ್ತು, ಕೈ ಸುಮ್ಮನಿರಲಿ ಅಂತ ಬಿಡಿಸಿದ್ದು.

ಗಾಳಿಪಟದ ದಿನ ಮಿಲ್ಲಿಗೆ ರಜ ಇತ್ತು. ಬೇಕಂತಲೇ ಬರಲಿಲ್ಲ. ಸಂಜೆ ಸವಿತಾಬೆನ್ ಮನೆಗೆ ಹೋದೆ. ಹಬ್ಬ ಅಂತ ಬಿಸಿ ಜಿಲೇಬಿ ಕೊಟ್ಟಳು, ಕೂರು ಅಂದಳು. ಇನ್ನೂ ಸ್ವಲ್ಪ ಕೂತಿದ್ದರೆ ಏನಾಗುತ್ತಿತ್ತೋ. ಆ ಹೊತ್ತಿನಲ್ಲಿ ಊರಲ್ಲಿ ನೀನು ಅವರೆಕಾಯಿ ಬೇಯಿಸಿರುತ್ತೀಯ ಅನ್ನುವುದು ತಲೆಗೆ ಬಂತು, ಎದ್ದು ಬಂದೆ. ಯಾರೂ ಕಳಿಸಲಿಲ್ಲ, ನಾನೇ ಎದ್ದು ಬಂದೆ. ನಂಬಿದರೆ ನಂಬು.

ನಿನಗೆ ಹೇಳದ ಮಾತು ಇನ್ನೊಂದಿದೆ. ನಾನು ವರ್ಷಕ್ಕೆ ಎರಡು ಮೂರು ಸಲ ಬರುವ ನೆಂಟ. ಹಸು ನಿನ್ನ ಮಾತು ಕೇಳುತ್ತದೆ, ಹುಳ ನಿನ್ನ ಕೈಗೆ ಒಗ್ಗಿದೆ, ನಮ್ಮವ್ವ ಕೂಡ ನಿನ್ನ ಕಡೆ. ಆ ಮನೆಯಲ್ಲಿ ನಾನು ನೆಂಟನಲ್ಲ, ಗಂಡ ಅಂತ ಅನ್ನಿಸುತ್ತಿದ್ದುದು ಆ ಒಂದು ಹೊತ್ತು. ಅದೂ ಇಲ್ಲ ಅಂದರೆ ಅಲ್ಲಿ ನಾನು ಯಾರು? ಬಸ್ಸು ಹತ್ತಿಕೊಂಡು ಯಾಕೆ ಬರಬೇಕು? ಇದಕ್ಕೆ ಉತ್ತರ ಗೊತ್ತಿಲ್ಲದೆ ಬರಲಿಲ್ಲ.

ಈಗಲೂ ಗೊತ್ತಿಲ್ಲ. ಆದರೂ ಯುಗಾದಿಗೆ ಟಿಕೆಟ್ ಮಾಡಿಸಿದ್ದೇನೆ. ಹಾಸಿಗೆ ನಿನಗೆ ಬೇಕಾದ ಕಡೆ ಹಾಕಿಕೋ.

ಕೆಂಪರಾಜ್


ಸೂರತ್
28 ಏಪ್ರಿಲ್ 2024

ಪ್ರಮೋದಾ,

ಸುಖವಾಗಿ ಬಂದು ಸೇರಿದೆ. ನೀನು ಕೊಟ್ಟ ಹುರಿಹಿಟ್ಟು ರೂಮಿನವರೆಲ್ಲ ಸೇರಿ ಎರಡೇ ದಿನದಲ್ಲಿ ಮುಗಿಸಿದರು. ಊರಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಬರೆಯುತ್ತೇನೆ.

ಬರುವಾಗ ಯಶವಂತಪುರದಲ್ಲಿ ಟ್ರೈನು ಇಳಿದು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಯಲಹಂಕ ದಾಟಿದ ಮೇಲೆ ಟ್ರಾಫಿಕ್ಕು, ಬಸ್ಸು ಕದಲುವುದಿಲ್ಲ. ನಾನು ಎದ್ದು ಹೋಗಿ ಡ್ರೈವರಿಗೆ, "ಏನ್ ಗುರು, ನಾಳೆ ಕೋಳಿ ಕೂಗೋ ಹೊತ್ಗಾದ್ರೂ ಊರಿಗೆ ಬಿಡ್ತೀಯಾ?" ಅಂದೆ. ಅವನು ತಿರುಗಿ ನೋಡಿ, "ಏನ್ ಸಾರ್, ಹೊಸ್ದಾಗಿ ಮದ್ವೆನಾ?" ಅಂದ. ಬಸ್ಸಿನವರೆಲ್ಲ ನಕ್ಕರು. ಸೀಟಿಗೆ ಬಂದು ಕೂತವನಿಗೆ ಹೊಳೆಯಿತು, ನನಗೆ ಯಾಕೆ ಇಷ್ಟು ಆತುರ? ಹಾಸಿಗೆ ಬೇರೆ ಅಂತ ಗೊತ್ತು. ಹೊಸದೇನೂ ಕಾದಿಲ್ಲ ಅಂತ ಗೊತ್ತು. ಆದರೂ ಆತುರ ಒಂದಿಷ್ಟೂ ಕಮ್ಮಿಯಾಗಿರಲಿಲ್ಲ. ನಾನು ಇಷ್ಟು ವರ್ಷ ಬಂದದ್ದು ಅದಕ್ಕೇ ಅಂತ ನಾನೇ ತಪ್ಪು ತಿಳಿದಿದ್ದೆ.

ಊರ ಸ್ಟಾಪಿನಲ್ಲಿ ಇಳಿದರೆ ನೀನು ಕ್ಯಾನು ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದೀಯ. ಡೇರಿಗೆ ಬಂದಿದ್ದೆ ಅಂತ ನೀನಂದೆ. ಒಳ್ಳೆ ಹೊತ್ತಿಗೆ ಬಂದೆ ಅಂತ ನಾನಂದುಕೊಂಡೆ.

ಮೊದಲ ಎರಡು ರಾತ್ರಿ ಕಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮೂರನೇ ದಿನ ನಿನ್ನ ಕೋಣೆಯ ಹೊಸಿಲ ಮೇಲೆ ಬಂದು ಕೂತೆ, ನೀನು ಕಡಲೆಕಾಯಿ ತಂದಿಟ್ಟೆ. ನಿಮ್ಮ ತಾತ ಬೂದಿಗೆರೆ ಸಂತೆಯಲ್ಲಿ ನಿನ್ನನ್ನು ಕಳೆದುಕೊಂಡು, ಬೇರೆ ಯಾರದೋ ಮಗುವಿನ ಕೈ ಹಿಡಿದು ಊರವರೆಗೂ ಹೋದ ಕಥೆ ಹೇಳಿದೆಯಲ್ಲ, ಇಷ್ಟು ವರ್ಷ ಅದನ್ನು ನಾನು ಕೇಳಿರಲೇ ಇಲ್ಲ. ಅವ್ವ ನಡುಮನೆಯಿಂದ ಕೆಮ್ಮಿದಾಗ ನಾವಿಬ್ಬರೂ ನಕ್ಕದ್ದನ್ನು ನೆನೆಸಿಕೊಂಡು ಮಗ್ಗದ ಮುಂದೆ ನಿಂತೂ ನಗುತ್ತೇನೆ. ಆಸೆ ಇದೆ, ಇರುತ್ತದೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ, ನಿನ್ನದಲ್ಲ.

ನೀನು ಸೊಂಟ ನೋವು ಅಂದಿದ್ದರೆ ನಾನು ಜೀವನ ಪೂರ್ತಿ ನಿನಗೆ ಎಣ್ಣೆ ತಿಕ್ಕುತ್ತಾ ಇರುತ್ತಿದ್ದೆ. ನಿಜ ಹೇಳಿದೆ. ಅಷ್ಟು ಮರ್ಯಾದೆ ನನಗೆ ಬೇರೆ ಯಾರೂ ಕೊಟ್ಟಿಲ್ಲ.

ಗೌರಿಹಬ್ಬಕ್ಕೆ ಬರುತ್ತೇನೆ.

ಕೆಂಪರಾಜ್


ಕೋಡಿಪಾಳ್ಯ
9 ಮೇ 2024

ನಮಸ್ಕಾರ ರೀ.

ಕಪ್ಪು ಹಸುವಿನ ಹೊಟ್ಟೆ ಚೆನ್ನಾಗಿ ಇಳಿದಿದೆ, ನೀವು ಬರುವಷ್ಟರಲ್ಲಿ ಕರು ಓಡಾಡುತ್ತಿರುತ್ತದೆ. ಆಂಜಿನಪ್ಪ ಸಿಕ್ಕಾಗಲೆಲ್ಲ ಹರಕೆ ಫಲ ಕೊಟ್ಟಿತೇ ಅಂತ ಕೇಳುತ್ತಾನೆ. ಕೊಟ್ಟಿತು ಅನ್ನುತ್ತೇನೆ. ಜಿಲೇಬಿಯ ವಿಷಯ ನಂಬಿದೆ. ಮುಂದಿನ ಸಲ ನೀವು ಬಂದು ಹೋಗುವಾಗ ಸವಿತಾಬೆನ್‌ಗೆ ನಮ್ಮ ಕಡೆಯ ರಾಗಿ ಹಿಟ್ಟು ಕೊಟ್ಟು ಕಳಿಸುತ್ತೇನೆ.

ನೀವು ಬಸ್ಸಿನ ವಿಷಯ ಬರೆದದ್ದನ್ನು ಓದಿದ ಮೇಲೆ ನಾನೂ ಒಂದು ಹೇಳಬೇಕು. ನಮ್ಮೂರ ಡೇರಿ ಬೆಳಿಗ್ಗೆ ಬೇಗ ಹಾಲು ತಗೊಂಡು ಮುಚ್ಚುತ್ತದೆ, ಅದು ನಿಮಗೂ ಗೊತ್ತು. ನೀವು ಇಳಿದದ್ದು ಬಿಸಿಲು ನೆತ್ತಿಗೆ ಬಂದ ಮೇಲೆ. ನಾನು ಅದಕ್ಕೂ ಮುಂಚೆ ಬಂದ ಬಸ್ಸುಗಳನ್ನೆಲ್ಲ ನೋಡಿ, ನೀವಿಲ್ಲ ಅಂತ ಮತ್ತೆ ಮರದ ಕೆಳಗೆ ಬಂದು ನಿಂತಿದ್ದೆ. ಸುಮ್ಮನೆ ನಿಂತರೆ ಯಾರಾದರೂ ಏನಾದರೂ ಅಂದಾರು ಅಂತ ಕ್ಯಾನು ಹಿಡಿದುಕೊಂಡೆ.

ನೀವು ಬ್ಯಾಗು ಇನ್ನೊಂದು ಕೈಗೆ ಬದಲಿಸಿಕೊಂಡು ನನ್ನ ಕೈಯಿಂದ ಕ್ಯಾನು ತಗೊಂಡಿರಿ. ಮನೆಯವರೆಗೂ ಹೊತ್ತು ತಂದಿರಿ. ಅದು ಖಾಲಿ ಇತ್ತು.

ಪ್ರಮೋದಾ